ಪುರಸಭೆಯ ಎದುರಂಗಡಿಯಿಂದ: ಹೊಸ ಕಾಮಗಾರಿಗೆ ಮೂರೂವರೆ, ಕಾಪಾಡುವುದಕ್ಕೆ ಒಂದೂವರೆ

ಮೊದಲು ಅಂಕ ಹೇಳಿ ಆಮೇಲೆ ಕಾರಣ ಹೇಳುತ್ತೇನೆ. ರಸ್ತೆ, ಚರಂಡಿ, ಕುಡಿಯುವ ನೀರು, ಬೀದಿದೀಪದ ಕೆಲಸಗಳನ್ನು ಯೋಜಿಸಿ ಅದಕ್ಕೆ ಹಣ ಹೊಂದಿಸುವುದು ನಮ್ಮೂರ ಪುರಸಭೆ ನಮಗೆ ಕೊಡುವ ದೊಡ್ಡ ಸೇವೆ. ಆ ಸೇವೆಗೆ ಐದರಲ್ಲಿ ನಾನು ಕೊಡುವುದು ಹೀಗೆ: ಹಣ ತರುವುದಕ್ಕೆ ನಾಲ್ಕು, ಹೊಸ ಕಾಮಗಾರಿಗೆ ಮೂರೂವರೆ, ಯಾವುದು ಮೊದಲು ಯಾವುದು ಆಮೇಲೆ ಎಂಬ ಸರದಿಗೆ ಎರಡು, ಕಟ್ಟಿದ್ದನ್ನು ಕಾಪಾಡುವುದಕ್ಕೆ ಒಂದೂವರೆ.

ಊರಿನ ಹೆಸರು ಬರೆಯುವುದಿಲ್ಲ. ಹಾವೇರಿ, ದಾವಣಗೆರೆ ಸೀಮೆಯಲ್ಲಿ ತುಂಗಭದ್ರೆಯ ನೀರು ಕುಡಿಯುವ, 23 ವಾರ್ಡುಗಳ ಊರು ಎಂದರೆ ಸಾಕು. ಕರ್ನಾಟಕದಲ್ಲಿ 20 ಸಾವಿರದಿಂದ 50 ಸಾವಿರ ಜನರಿರುವ ಪಟ್ಟಣಕ್ಕೆ ಪುರಸಭೆ ಇರುತ್ತದೆ. ಅಂಥ ಊರಿನಲ್ಲಿರುವವರು ಓದಿದರೆ ನಾನು ಹೇಳುವ ಬಹುಪಾಲು ಸಂಗತಿ ನಿಮ್ಮ ಓಣಿಯಲ್ಲೂ ಕಾಣುತ್ತದೆ.

ನನ್ನದು ಪುರಸಭೆ ಕಚೇರಿಯ ಎದುರಿನ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಖಾತೆ ಬದಲಾವಣೆಯ ಅರ್ಜಿ, ಕಂದಾಯದ ಚಲನ್, ಕಟ್ಟಡದ ನಕ್ಷೆ, ಗುತ್ತಿಗೆದಾರರ ಬಿಲ್ಲು, ಸಾಮಾನ್ಯ ಸಭೆಯ ಅಜೆಂಡಾ, ಎಲ್ಲವೂ ನನ್ನ ಮಷಿನ್ ದಾಟಿಯೇ ಹೋಗುತ್ತವೆ. ಒಬ್ಬೊಬ್ಬರ ಖಾಸಗಿ ಕಾಗದದ ಬಗ್ಗೆ ನಾನು ಮಾತಾಡುವವಳಲ್ಲ. ಆದರೆ ಬಜೆಟ್ ಪುಸ್ತಕ, ಯಾವ ಕಾಮಗಾರಿಗೆ ಎಷ್ಟು ಹಣ ಎಂಬ ಪಟ್ಟಿಯಾದ ಕ್ರಿಯಾ ಯೋಜನೆ, ಟೆಂಡರ್ ಪ್ರಕಟಣೆ ಇವೆಲ್ಲ ಸಾರ್ವಜನಿಕರ ಸ್ವತ್ತು. ಅವನ್ನು ನಾನು ಕೂತು ಓದುತ್ತೇನೆ. ಓದಿದ ಮೇಲೆ ಓಣಿಗೆ ಹೋಗಿ ನೋಡುತ್ತೇನೆ.

ಬೆಲೆಯಿಂದ ಶುರು ಮಾಡೋಣ. ನಮ್ಮ ಮನೆ, ಅಂಗಡಿ ಎರಡಕ್ಕೂ ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟುತ್ತೇವೆ, ಶೇ 5ರಷ್ಟು ರಿಯಾಯಿತಿ ಸಿಗುತ್ತದೆ. ರಸೀದಿಯನ್ನು ಮಡಿಚಿ ಇಡುವ ಮುಂಚೆ ಒಮ್ಮೆ ಓದಿ. ಕಂದಾಯದ ಮೇಲೆ ಉಪಕರಗಳಿರುತ್ತವೆ: ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಗ್ರಂಥಾಲಯದ್ದು ಮತ್ತು ಭಿಕ್ಷುಕರ ಕರ ಪುರಸಭೆಯಲ್ಲಿ ಉಳಿಯುವ ಹಣವಲ್ಲ, ಸಂಗ್ರಹಿಸಿ ಆಯಾ ಇಲಾಖೆಗೆ ಕಳಿಸಬೇಕಾದದ್ದು. ಇವುಗಳ ಜೊತೆಗೆ ತಿಂಗಳ ನೀರಿನ ಕರ ಬೇರೆ.

ಅಂಗಡಿಗೆ ಬರುವವರಲ್ಲಿ ಅನೇಕರು ಚಲನ್ ತುಂಬಿಸುವಾಗ ಒಂದೇ ಮಾತು ಹೇಳುತ್ತಾರೆ: "ಇಷ್ಟು ಕಂದಾಯ ಕಟ್ಟೀವಿ, ನಮ್ಮ ಓಣಿಗೆ ರಸ್ತೆ ಎಲ್ಲೈತ್ರಿ?" ಸಿಟ್ಟು ಸರಿಯಾದದ್ದೇ, ಆದರೆ ಲೆಕ್ಕ ಬೇರೆ ಇದೆ. ಓಣಿಯ ಸಿಸಿ ರಸ್ತೆಯನ್ನು ನಮ್ಮ ಕಂದಾಯ ಕಟ್ಟುವುದಿಲ್ಲ. ಅದನ್ನು ಕಟ್ಟುವುದು ಅನುದಾನ. ರಾಜ್ಯ ಹಣಕಾಸು ಆಯೋಗದ ಎಸ್‌ಎಫ್‌ಸಿ ಮುಕ್ತನಿಧಿ, ಪಟ್ಟಣಗಳಿಗೆಂದು ರಾಜ್ಯ ಕೊಡುವ ಮುಖ್ಯಮಂತ್ರಿಗಳ ನಗರೋತ್ಥಾನ, ಕೇಂದ್ರದ ಹಣಕಾಸು ಆಯೋಗದ ಹಣ, ಪಟ್ಟಣಗಳ ನೀರಿಗೆ ಕೇಂದ್ರ ಹಣ ಕೊಡುವ ಅಮೃತ್ ಯೋಜನೆ, ಆಗೊಮ್ಮೆ ಈಗೊಮ್ಮೆ ಶಾಸಕರ ನಿಧಿ. ನಮ್ಮ ಕಂದಾಯ, ನೀರಿನ ಕರ, ಪುರಸಭೆ ಮಳಿಗೆಗಳ ಬಾಡಿಗೆ, ಸಂತೆಯ ಸುಂಕ ಇವೆಲ್ಲ ಹೋಗುವುದು ದಿನದಿನದ ಖರ್ಚಿಗೆ. ಹೊರಗುತ್ತಿಗೆಯವರ ಸಂಬಳ, ಕಸದ ಗಾಡಿಯ ಡೀಸೆಲ್, ನೀರಿಗೆ ಹಾಕುವ ಆಲಂ ಮತ್ತು ಬ್ಲೀಚಿಂಗ್ ಪುಡಿ, ಸುಟ್ಟ ಮೋಟಾರಿನ ರಿವೈಂಡಿಂಗ್, ಒಡೆದ ಪೈಪಿಗೆ ಕಾಲರ್.

ಈ ವಿಮರ್ಶೆಯಲ್ಲಿ ನಾನು ಹೇಳಬೇಕಾದ ಮುಖ್ಯ ಸಂಗತಿ ಇದೇ. ಕಟ್ಟುವ ರೊಕ್ಕ ಬೆಂಗಳೂರು, ದಿಲ್ಲಿಯಿಂದ ಬರುತ್ತದೆ, ಕಟ್ಟಿದ್ದನ್ನು ಕಾಯುವ ರೊಕ್ಕ ಊರಿನಲ್ಲೇ ಹುಟ್ಟಬೇಕು. ಕಟ್ಟುವ ರೊಕ್ಕಕ್ಕೆ ಪೂಜೆ, ಫ್ಲೆಕ್ಸ್, ಫೋಟೊ ಎಲ್ಲ ಇದೆ. ಕಾಯುವ ರೊಕ್ಕದ ಬಗ್ಗೆ ಸಭೆಯಲ್ಲಿ ಯಾರೂ ಎದ್ದು ಮಾತಾಡುವುದಿಲ್ಲ, ನಾವು ನಾಗರಿಕರೂ ಮಾತಾಡುವುದಿಲ್ಲ. ನೀರಿನ ಕರ ಏರಿಸುವ ವಿಷಯ ಅಜೆಂಡಾದಲ್ಲಿ ಬಂದರೆ ಎಲ್ಲ ಪಕ್ಷದ ಮೆಂಬರ್ರೂ ಒಂದಾಗಿ ಮುಂದೂಡುತ್ತಾರೆ, ಯಾಕೆಂದರೆ ಸಂಜೆ ಅವರ ಮನೆ ಮುಂದೆ ನಿಲ್ಲುವವರು ನಾವೇ.

ಹಣ ತರುವುದಕ್ಕೆ ನಾಲ್ಕು ಅಂಕ ಯಾಕೆ ಕೊಟ್ಟೆ? ನಮ್ಮ ಕಚೇರಿಯವರು ಕಾಗದದ ಕೆಲಸದಲ್ಲಿ ಗಟ್ಟಿಗರು. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಟ್ಟಣಗಳಿಗೆ ಹಣ ಕೊಡುವಾಗ ಷರತ್ತು ಹಾಕಿತ್ತು. ಲೆಕ್ಕಪತ್ರ, ಲೆಕ್ಕ ಪರಿಶೋಧನೆಯ ವರದಿ ಆನ್‌ಲೈನ್‌ನಲ್ಲಿ ಎಲ್ಲರಿಗೂ ಕಾಣಬೇಕು, ಆಸ್ತಿ ತೆರಿಗೆಯ ವಸೂಲಿ ರಾಜ್ಯದ ಆರ್ಥಿಕತೆ ಬೆಳೆದಂತೆ ಬೆಳೆಯಬೇಕು. ದೊಡ್ಡ ನಗರಗಳನ್ನು ಬಿಟ್ಟು ಉಳಿದ ಊರುಗಳಿಗೆ ಆ ಅವಧಿಯಲ್ಲಿ ಕೊಟ್ಟ ಹಣದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಇದು ಒಳ್ಳೆಯ ಕಟ್ಟುಪಾಡು. ಇಲ್ಲದಿದ್ದರೆ ಆ ಹಣವೂ ಪೇವರ್ ಕಲ್ಲಿಗೆ, ಸ್ವಾಗತ ಕಮಾನಿಗೆ ಹೋಗುತ್ತಿತ್ತು. ನಮ್ಮಲ್ಲಿ ಲೆಕ್ಕದ ವಿಭಾಗದ ಹುಡುಗಿ ಒಬ್ಬಳಿದ್ದಾಳೆ, ಮಾರ್ಚ್ ಬಂತೆಂದರೆ ರಾತ್ರಿ ಎಂಟರವರೆಗೆ ಕೂತು ಅಪ್‌ಲೋಡ್ ಮಾಡುತ್ತಾಳೆ. ಊರಿಗೆ ಬರುವ ಕಂತು ನಿಲ್ಲದಿರುವುದರಲ್ಲಿ ಅವಳ ಪಾಲು ದೊಡ್ಡದು, ಉದ್ಘಾಟನೆಯ ಕಲ್ಲಿನಲ್ಲಿ ಅವಳ ಹೆಸರಿಲ್ಲ.

ಅನುದಾನವನ್ನು ಹಂಚುವುದರಲ್ಲೂ ಕಟ್ಟುಪಾಡುಗಳಿವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5. ನಮ್ಮೂರಿನ ಕಾಲೋನಿಗೆ ಡಾಂಬರು ಕೂಡ ಕಾಣದ ಕಾಲವಿತ್ತು. ಅಲ್ಲಿ ಇವತ್ತು ಕಾಂಕ್ರೀಟ್ ರಸ್ತೆ, ದೀಪ, ಮನೆಮನೆಗೆ ನಲ್ಲಿ ಬಂದಿದ್ದು ಆ 24.10ರ ಬಲದಿಂದ. ಇದನ್ನು ನಾನು ಪುರಸಭೆಯ ಅತಿ ದೊಡ್ಡ ಕೆಲಸ ಎಂದು ಎಣಿಸುತ್ತೇನೆ. ಶೇ 5ರ ಬಗ್ಗೆ ಅಷ್ಟು ಸಮಾಧಾನವಿಲ್ಲ. ತ್ರಿಚಕ್ರ ವಾಹನ ಹಂಚುತ್ತಾರೆ, ಒಳ್ಳೆಯದೇ. ಆದರೆ ಕಚೇರಿಯ ಕಂದಾಯ ವಿಭಾಗ ಇರುವುದು ಮೊದಲ ಮಹಡಿಯಲ್ಲಿ. ಪುರಸಭೆಯೇ ಕೊಟ್ಟ ವಾಹನದಲ್ಲಿ ಬಂದವರು ಮೆಟ್ಟಿಲು ಹತ್ತಲಾರದೆ ನನ್ನ ಅಂಗಡಿಯಲ್ಲಿ ಕೂರುತ್ತಾರೆ, ಅವರ ಕಾಗದ ಹಿಡಿದು ನಾನೋ ನಮ್ಮ ಹುಡುಗನೋ ಮೇಲೆ ಹೋಗುತ್ತೇವೆ. ಕೆಳಗೆ ಒಂದು ಕೌಂಟರ್ ಹಾಕಲು ಯಾವ ಅನುದಾನವೂ ಬೇಡ. ಈ ಮಾತನ್ನು ಬರೆದು ಕೊಟ್ಟಿದ್ದೇನೆ, ಮತ್ತೆ ಕೊಡುತ್ತೇನೆ.

ಈಗ ಸರದಿಯ ಮಾತು. ನನಗೆ ಹೆಚ್ಚು ಸಂಕಟ ಕೊಟ್ಟಿರುವುದು ಇದೇ.

ನಮ್ಮ ಪೇಟೆ ರಸ್ತೆಯನ್ನು ಒಂದು ಮಾರ್ಚ್ ತಿಂಗಳಲ್ಲಿ ಕಾಂಕ್ರೀಟ್ ಮಾಡಿದರು. ಹಗಲು ರಾತ್ರಿ ಕೆಲಸ. ಕಿರಿಯ ಎಂಜಿನಿಯರ್ ಝೆರಾಕ್ಸ್‌ಗೆ ಬಂದಾಗ ಕೇಳಿದೆ, "ಸರ್, ಹೊಸ ನೀರಿನ ಪೈಪ್‌ಲೈನ್ ಮಂಜೂರಾಗೈತಿ ಅಂತ ಪೇಪರಿನಾಗ ಬಂದೈತಲ್ಲ, ಅದು ಹಾಕಿದ ಮ್ಯಾಲೆ ಮಾಡಬಾರದೇನ್ರಿ?" ಅವರು ಹೇಳಿದ್ದು: "ಅಕ್ಕಾರ, ಈ ರೊಕ್ಕ ಮಾರ್ಚ್ ಒಳಗ ಖರ್ಚಾಗಬೇಕ್ರಿ. ಇಲ್ಲಾಂದ್ರ ವಾಪಸ್ ಹೋಕ್ಕತಿ. ಪೈಪಿಂದು ಬ್ಯಾರೆ ಸ್ಕೀಮು, ಬ್ಯಾರೆ ಟೆಂಡರ್." ಅವರು ಸುಳ್ಳು ಹೇಳಲಿಲ್ಲ. ಒಂದು ಯೋಜನೆಯ ಹಣದ ಗಡುವು ಒಂದು, ಇನ್ನೊಂದರದು ಇನ್ನೊಂದು. ಎರಡನ್ನೂ ಒಂದೇ ನಕ್ಷೆಯ ಮೇಲೆ ಇಟ್ಟು ನೋಡಬೇಕಾದ ಜಾಗ ಪುರಸಭೆಯ ಸಾಮಾನ್ಯ ಸಭೆ, ಅಲ್ಲಿ ಆ ನಕ್ಷೆ ಬಿಚ್ಚಿಕೊಳ್ಳಲಿಲ್ಲ. ಮಾರನೆಯ ವರ್ಷ ಪೈಪಿನವರು ಬಂದು ಹೊಸ ರಸ್ತೆಯನ್ನು ಉದ್ದಕ್ಕೆ ಸೀಳಿದರು. ಮುಚ್ಚಿದ ಜಾಗ ಮೊದಲ ಮಳೆಗೇ ಕುಸಿಯಿತು. ರಸ್ತೆ ಮಾಡಿದ ಗುತ್ತಿಗೆದಾರರಿಗೆ ಇಂತಿಷ್ಟು ವರ್ಷ ದೋಷದ ಹೊಣೆ ಇರುತ್ತದೆ, ಅವರ ಠೇವಣಿಯೂ ಕಚೇರಿಯಲ್ಲಿರುತ್ತದೆ. ಆದರೆ "ಬೇರೆಯವರು ಕತ್ತರಿಸಿದ ರಸ್ತೆಗೆ ನಾನ್ಯಾಕೆ ಹೊಣೆ?" ಎಂದು ಅವರು ಕೇಳಿದರು, ಆ ಮಾತಿನಲ್ಲಿ ನ್ಯಾಯವಿದೆ. ಹೀಗೆ ಒಂದು ತಪ್ಪು ಸರದಿಯಿಂದ ರಸ್ತೆಯೂ ಹೋಯಿತು, ರಸ್ತೆಯ ಗ್ಯಾರಂಟಿಯೂ ಹೋಯಿತು.

ಅದೇ ರಸ್ತೆಯಲ್ಲಿ ಇನ್ನೊಂದು ತೊಂದರೆ. ಹಳೆಯ ಪದರ ಕೀಳದೆ ಅದರ ಮೇಲೇ ಕಾಂಕ್ರೀಟ್ ಸುರಿದಿದ್ದರಿಂದ ರಸ್ತೆ ಅಂಗಡಿಗಳ ಹೊಸ್ತಿಲಿಗಿಂತ ಮೇಲೆದ್ದಿದೆ. ಜೋರು ಮಳೆ ಬಂದರೆ ಕಿರಾಣಿ ಅಂಗಡಿಯವರು ಸಕ್ಕರೆ ಮೂಟೆಯನ್ನು ಕಲ್ಲಿನ ಮೇಲೆ ಎತ್ತಿಡುತ್ತಾರೆ, ದರ್ಜಿಯವರು ಬಟ್ಟೆಯ ಥಾನು ಮೇಲಿನ ಹಲಗೆಗೆ ಏರಿಸುತ್ತಾರೆ. ಕೀಳುವ ಖರ್ಚು ಅಂದಾಜು ಪಟ್ಟಿಯಲ್ಲಿ ಇರಲಿಲ್ಲ. ಅಂದಾಜು ಪಟ್ಟಿ ಮಾಡುವ ಮುಂಚೆ ಒಬ್ಬರು ಬಂದು ಹೊಸ್ತಿಲ ಮಟ್ಟ ಅಳೆದಿದ್ದರೆ ಸಾಕಿತ್ತು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಇದೇ ಪುರಸಭೆ, ಇದೇ ಎಂಜಿನಿಯರ್ ಶಾಲೆ ರಸ್ತೆಯನ್ನು ಎಷ್ಟು ಚೆಂದ ಮಾಡಿದ್ದಾರೆ ಎಂದರೆ, ನೆಂಟರು ಬಂದರೆ ನಾನು ಆ ರಸ್ತೆ ತೋರಿಸಲು ಕರೆದುಕೊಂಡು ಹೋಗುತ್ತೇನೆ. ಆ ವಾರ್ಡಿನ ಸದಸ್ಯೆ ಮೊದಲ ಸಲ ಗೆದ್ದವರು. ಕ್ರಿಯಾ ಯೋಜನೆಗೆ ಹೆಸರು ಕೊಡುವ ಮುಂಚೆ ಎಂಜಿನಿಯರ್‌ರನ್ನೂ ವಾಲ್ವ್ ತಿರುಗಿಸುವ ನೌಕರನನ್ನೂ ಕರೆದುಕೊಂಡು ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಓಣಿ ಪೂರ್ತಿ ನಡೆದರು. ಎಲ್ಲಿ ನೀರು ನಿಂತಿದೆ ಎಂದು ಸುಣ್ಣದಲ್ಲಿ ಗುರುತು ಹಾಕಿಸಿದರು. ಆಮೇಲೆ ಸಭೆಯಲ್ಲಿ, "ನನ್ನ ವಾರ್ಡಿಗೆ ಈ ವರ್ಷ ರಸ್ತೆ ಬೇಡ, ಪೈಪು ಮತ್ತು ಚರಂಡಿ ಕೊಡಿ, ರಸ್ತೆ ಮುಂದಿನ ವರ್ಷ" ಎಂದರು. ಮೆಂಬರ್ ಒಬ್ಬರು ರಸ್ತೆ ಬೇಡ ಎಂದು ಹೇಳುವುದಕ್ಕೆ ಎಷ್ಟು ಧೈರ್ಯ ಬೇಕು ಎಂದು ಊರಿನ ರಾಜಕೀಯ ಬಲ್ಲವರಿಗೆ ಗೊತ್ತು. ಆ ವರ್ಷವಿಡೀ ಓಣಿಯವರು ಅವರನ್ನು ಬೈದರು.

ಮೊದಲು ರಸ್ತೆಯ ಎರಡೂ ಬದಿಗೆ ನೀರಿನ ಪೈಪು ಹಾಕಿ, ಪ್ರತಿ ಮನೆಯ ಗೋಡೆಯವರೆಗೆ ಸಂಪರ್ಕ ತಂದು ಮುಚ್ಚಳ ಹಾಕಿ ಬಿಟ್ಟರು. ಆಮೇಲೆ ಬಾಕ್ಸ್ ಚರಂಡಿ, ಅದರ ಇಳಿಜಾರನ್ನು ರಾಜಕಾಲುವೆಯ ಮಟ್ಟದಿಂದ ಹಿಂದಕ್ಕೆ ಅಳೆದುಕೊಂಡು ಬಂದರು. ಕಾಂಕ್ರೀಟ್ ಹಾಕುವ ಮುಂಚೆ ಅಲ್ಲಲ್ಲಿ ಖಾಲಿ ಪಿವಿಸಿ ಪೈಪು ಅಡ್ಡ ಹೂಳಿದರು, ಮುಂದೆ ಯಾರಿಗಾದರೂ ಕೇಬಲ್ಲು, ಹೊಸ ನಲ್ಲಿ ಬೇಕಾದರೆ ರಸ್ತೆ ಒಡೆಯುವುದು ತಪ್ಪಲಿ ಎಂದು. ಆ ಅಡ್ಡ ಪೈಪಿನ ಖರ್ಚು ಇಡೀ ಕಾಮಗಾರಿಯ ಮುಂದೆ ಏನೂ ಅಲ್ಲ. ಆ ರಸ್ತೆಗೆ ಇವತ್ತಿನವರೆಗೆ ಗುದ್ದಲಿ ಬಿದ್ದಿಲ್ಲ. ಮಳೆಗಾಲದಲ್ಲಿ ಮಕ್ಕಳು ಬೂಟು ಒದ್ದೆ ಮಾಡಿಕೊಳ್ಳದೆ ಶಾಲೆ ಸೇರುತ್ತಾರೆ. ಆ ಸದಸ್ಯೆಗೆ ನಾನು ಐದಕ್ಕೆ ಐದು ಕೊಡುತ್ತೇನೆ. ಪಟ್ಟಣಗಳ ಸಭೆಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಗಿರುವುದು ಬರೀ ಲೆಕ್ಕಕ್ಕೆ ಎನ್ನುವವರು ಒಮ್ಮೆ ಆ ರಸ್ತೆಯಲ್ಲಿ ನಡೆಯಲಿ.

ಒಳಚರಂಡಿಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಊರಿನ ಜನ ಇದನ್ನು ಯುಜಿಡಿ ಎನ್ನುತ್ತಾರೆ, ದೊಡ್ಡ ಊರಾದದ್ದರ ಗುರುತು ಎಂದು ಬಯಸುತ್ತಾರೆ. ನೀರು ಪೂರೈಕೆಯ ಬಗ್ಗೆ ಕೇಂದ್ರದ 1999ರ ಕೈಪಿಡಿಯ ಪ್ರಕಾರ ಒಳಚರಂಡಿ ಇರುವ ಊರಿಗೆ ತಲಾ ದಿನಕ್ಕೆ 135 ಲೀಟರ್ ನೀರು ಬೇಕು, ಇಲ್ಲದ ಊರಿಗೆ 70 ಲೀಟರ್. ಈ ವ್ಯತ್ಯಾಸಕ್ಕೆ ಕಾರಣವಿದೆ. ಕೊಳವೆಯಲ್ಲಿ ನೀರು ಸಾಕಷ್ಟು ರಭಸದಿಂದ ಹರಿದರೆ ಮಾತ್ರ ಮಲ, ಮಣ್ಣು ತಳದಲ್ಲಿ ಕೂರದೆ ಮುಂದೆ ಸಾಗುತ್ತದೆ. ಐದು ಜನರ ಮನೆಗೆ 135ರ ಲೆಕ್ಕದಲ್ಲಿ ದಿನಕ್ಕೆ 675 ಲೀಟರ್. ನಮ್ಮಲ್ಲಿ ನದಿ ತುಂಬಿರುವಾಗ ವಾರಕ್ಕೆ ಎರಡು ಸಲ ನೀರು ಬಿಡುತ್ತಾರೆ, ಬೇಸಿಗೆಯಲ್ಲಿ ನದಿಯಲ್ಲಿ ಗುಂಡಿ ತೋಡಿ ನೀರೆತ್ತುವಾಗ ವಾರಕ್ಕೊಮ್ಮೆ. ಸಂಪು, ಡ್ರಮ್ಮು ತುಂಬಿಟ್ಟುಕೊಂಡು ಅಳೆದು ಬಳಸುವ ಮನೆಯಿಂದ ಒಳಚರಂಡಿಗೆ ಎಷ್ಟು ನೀರು ಇಳಿದೀತು? ಮ್ಯಾನ್‌ಹೋಲ್ ಕಟ್ಟಿಕೊಂಡು ಉಕ್ಕುವುದು ಇದರಿಂದಲೇ.

ಇನ್ನೊಂದು ಕೊಂಡಿಯೂ ಸಡಿಲ. ದೊಡ್ಡ ಕೊಳವೆ, ಮ್ಯಾನ್‌ಹೋಲ್, ಶುದ್ಧೀಕರಣ ಘಟಕಕ್ಕೆ ಯೋಜನೆಯಲ್ಲಿ ಹಣವಿದೆ. ಮನೆಯ ಶೌಚಾಲಯದಿಂದ ರಸ್ತೆಯ ಚೇಂಬರ್‌ವರೆಗಿನ ಸಂಪರ್ಕ ನಮ್ಮೂರಿನಲ್ಲಿ ಮನೆಯವರ ಖರ್ಚು. ಅಂಗಳದ ಕಲ್ಲು ಕೀಳಿಸಿ, ಪೈಪು ಹಾಕಿಸಿ, ಮತ್ತೆ ಕಲ್ಲು ಕೂರಿಸಲು ಕೂಲಿಯವರ ಮನೆಗೆ ಕೈ ಹರಿಯುವುದಿಲ್ಲ. ಹಾಗಾಗಿ ಮುಂದೆ ಮ್ಯಾನ್‌ಹೋಲ್ ಇದ್ದೂ ಶೌಚದ ನೀರು ತೆರೆದ ಚರಂಡಿಗೇ ಹೋಗುವ ಮನೆಗಳು ಇವೆ. ಈ ಕೊನೆಯ ಕೆಲವು ಅಡಿಗಳಿಗೆ ಹಣ ಇಡದೆ ಕೋಟಿಗಟ್ಟಲೆ ಕೊಳವೆ ಹೂಳುವುದು ಯೋಜನೆ ಅಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಹಾಗಾದರೆ ಸಣ್ಣ ಊರು ಏನು ಮಾಡಬೇಕು? ದೇವನಹಳ್ಳಿಯನ್ನು ನೋಡಬೇಕು. ಆಗ ಅದು ಸುಮಾರು 30 ಸಾವಿರ ಜನರ ಪುರಸಭೆ, ಒಳಚರಂಡಿ ಇರಲಿಲ್ಲ. ಮನೆಮನೆಯ ಶೌಚದ ಗುಂಡಿ ತುಂಬಿದಾಗ ಟ್ಯಾಂಕರ್ ಬಂದು ಹೀರಿಕೊಂಡು ಹೋಗುತ್ತಿತ್ತು, ಎಲ್ಲ ಊರಿನಲ್ಲೂ ಇರುವ ವ್ಯವಸ್ಥೆ. ಬೇರೆ ಊರುಗಳಲ್ಲಿ ಆ ಟ್ಯಾಂಕರ್ ಹೊಲಕ್ಕೋ ಹಳ್ಳಕ್ಕೋ ಖಾಲಿಯಾಗುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲಿ ಆ ಮಲದ ಹೂಳನ್ನು ಶುದ್ಧೀಕರಿಸುವ ಘಟಕ ಕಟ್ಟಿದರು. ಪಟ್ಟಣದ ಮಟ್ಟದಲ್ಲಿ ದೇಶದಲ್ಲೇ ಮೊದಲನೆಯದು. ಸಿಡಿಡಿ ಸೊಸೈಟಿ ಎಂಬ ಸಂಸ್ಥೆ ವಿನ್ಯಾಸ ಮಾಡಿತು. ದಿನಕ್ಕೆ ಸುಮಾರು 6 ಸಾವಿರ ಲೀಟರ್ ಹೂಳು ಅಲ್ಲಿಗೆ ಹೋಗಬಹುದು. ಇಳಿಜಾರನ್ನೇ ಬಳಸಿಕೊಂಡು ಹರಿಸುವುದರಿಂದ ದೊಡ್ಡ ಮೋಟಾರುಗಳ ಕರೆಂಟ್ ಬಿಲ್ಲಿನ ಭಾರವಿಲ್ಲ. ಒಣಗಿದ ಹೂಳನ್ನು ಊರಿನ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡಿದರು. ನಮ್ಮ ಪುರಸಭೆಗೆ ನಾನು ಕೇಳಿಕೊಳ್ಳುವುದು ಇಷ್ಟು: ಊರಿಗೆಲ್ಲ ಒಳಚರಂಡಿ ಹಾಕುವ ಪ್ರಸ್ತಾವನೆ ವರ್ಷಗಟ್ಟಲೆ ಕಡತದಲ್ಲಿ ಇರಲಿ ಬೇಕಾದರೆ, ಅಷ್ಟರಲ್ಲಿ ಇಂಥದೊಂದು ಘಟಕಕ್ಕೆ ಕಸ ವಿಲೇವಾರಿ ಜಾಗದ ಪಕ್ಕದಲ್ಲೇ ನೆಲ ಗುರುತಿಸಿ. ನಿಭಾಯಿಸುವ ಖರ್ಚು ನಮ್ಮ ಕೈಗೆಟುಕುತ್ತದೆ.

ನೀರಿನ ಬಗ್ಗೆ ಹೇಳುವಾಗ ಹುಬ್ಬಳ್ಳಿಯ ನಾದಿನಿಯ ಮನೆ ನೆನಪಾಗುತ್ತದೆ. ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ 2008ರ ಹೊತ್ತಿಗೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಿಗೆ ದಿನದ 24 ಗಂಟೆ ನೀರು ಕೊಡಲು ಶುರು ಮಾಡಿದರು. ಅವರ ಮನೆ ಆ ಭಾಗದಲ್ಲಿದೆ. ಮೀಟರ್ ಇದೆ, ಬಳಸಿದಷ್ಟಕ್ಕೆ ಬಿಲ್ಲು. ನಾನು ಹೋದಾಗಲೆಲ್ಲ ಅಭ್ಯಾಸಬಲದಿಂದ ಬಕೆಟ್ ತುಂಬಿಡಲು ಹೋದರೆ, "ವೈನಿ, ಬಿಡ್ರಿ, ನಲ್ಲಿ ತಿರುವಿದ್ರ ಬರ್ತದ" ಎನ್ನುತ್ತಾಳೆ. ಇದು ಬರೀ ಅನುಕೂಲದ ಪ್ರಶ್ನೆಯಲ್ಲ. ಪೈಪು ಸದಾ ತುಂಬಿದ್ದರೆ ಒಳಗಿನ ಒತ್ತಡ ಹೊರಗಿನ ಕೊಳೆಯನ್ನು ಹತ್ತಿರ ಬಿಡುವುದಿಲ್ಲ. ಪೈಪು ಖಾಲಿಯಾದಾಗ ಸೋರುವ ಜಾಗದಿಂದಲೇ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಓಣಿಗಳಲ್ಲಿ ನಲ್ಲಿಯ ಪೈಪು ಚರಂಡಿಯ ಒಳಗಿಂದಲೇ ಹಾದು ಮನೆಗೆ ಬರುತ್ತದೆ, ಬಿಟ್ಟ ನೀರಿನ ಮೊದಲ ಎರಡು ಬಕೆಟ್ ಕಂದು ಬಣ್ಣದ್ದಾಗಿರುತ್ತದೆ. ಅದನ್ನು ಚೆಲ್ಲಿ ಆಮೇಲೆ ಹಿಡಿಯುವುದು ನಮ್ಮೂರಿನ ಹೆಣ್ಣುಮಕ್ಕಳಿಗೆಲ್ಲ ರೂಢಿಯಾಗಿಬಿಟ್ಟಿದೆ. ರೂಢಿಯಾಗಬಾರದ ಸಂಗತಿ ಇದು.

ಮೊದಲ ಅಮೃತ್ ಯೋಜನೆ ಹೆಚ್ಚುಕಡಿಮೆ ಲಕ್ಷ ದಾಟಿದ ನಗರಗಳಿಗಷ್ಟೇ ಇತ್ತು. 2021ರ ಅಕ್ಟೋಬರ್‌ನಲ್ಲಿ ಬಂದ ಅಮೃತ್ 2.0 ನೀರಿನ ವಿಷಯದಲ್ಲಿ ಎಲ್ಲ ಪಟ್ಟಣಗಳನ್ನೂ ಸೇರಿಸಿಕೊಂಡಿತು. ಲಕ್ಷಕ್ಕಿಂತ ಕಡಿಮೆ ಜನರಿರುವ ಊರಿನ ಯೋಜನೆಗೆ ಕೇಂದ್ರದ ಪಾಲು ಅರ್ಧ, ಉಳಿದದ್ದನ್ನು ರಾಜ್ಯ ಮತ್ತು ಊರು ಹೊಂದಿಸಬೇಕು. ನಮ್ಮೂರಿಗೂ ಹೊಸ ಮೇಲ್ತೊಟ್ಟಿ ಬಂತು. ಕಟ್ಟಡ ಗಟ್ಟಿಯಾಗಿದೆ, ಅದಕ್ಕೇ ಹೊಸ ಕಾಮಗಾರಿಗೆ ಮೂರೂವರೆ ಕೊಟ್ಟದ್ದು. ಆದರೆ ಆ ತೊಟ್ಟಿಯಿಂದ ನೀರು ಬಿಡುವವರು ಯಾರು? ಊರಿನ ವಾಲ್ವ್‌ಗಳಲ್ಲಿ ಹೆಚ್ಚಿನವನ್ನು ತಿರುಗಿಸುವುದು ಹೊರಗುತ್ತಿಗೆಯ ಒಬ್ಬ ನೌಕರ. ಯಾವ ವಾಲ್ವ್ ಎಲ್ಲಿ ಹೂತಿದೆ, ಯಾವುದು ಅರ್ಧ ಸುತ್ತಿಗೆ ಸಿಕ್ಕಿಕೊಳ್ಳುತ್ತದೆ, ಎಲ್ಲ ಅವನ ತಲೆಯಲ್ಲಿದೆ. ಅವನು ಜ್ವರ ಬಂದು ಮಲಗಿದ ವಾರ ಎರಡು ವಾರ್ಡಿಗೆ ನೀರೇ ಬರಲಿಲ್ಲ. ಅವನ ಸಂಬಳ ಎಷ್ಟು ತಡವಾಗಿ ಆಗುತ್ತದೆ ಎಂದು ನನಗೆ ಗೊತ್ತು, ಸಾಲದ ಅರ್ಜಿ ನನ್ನಲ್ಲೇ ಟೈಪ್ ಮಾಡಿಸಿದ್ದಾನೆ. ಅವನ ಅನುಮತಿ ಪಡೆದೇ ಇದನ್ನು ಬರೆದಿದ್ದೇನೆ. ಕೋಟಿ ರೂಪಾಯಿಯ ತೊಟ್ಟಿಗೆ ಸಂಬಳ ಸರಿಯಾಗಿ ಸಿಗದ ಒಬ್ಬನೇ ಕಾವಲುಗಾರ ಎಂಬುದೇ ಆ ಒಂದೂವರೆ ಅಂಕದ ಕಾರಣ.

ಬೀದಿದೀಪ ಚೆನ್ನಾಗಿದೆ. ಎಲ್‌ಇಡಿ ಹಾಕಿದ ಮೇಲೆ ದೂರು ಕಡಿಮೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಯೋಜನೆ ಹಳಿ ತಪ್ಪುವುದಕ್ಕೆ ಪುರಸಭೆಯೊಂದೇ ಕಾರಣವಲ್ಲ. 2018ರ ಆಗಸ್ಟ್ ಕೊನೆಯಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಿಗೆ ಚುನಾವಣೆ ನಡೆಯಿತು. ಗೆದ್ದವರು ಮಾಲೆ ಹಾಕಿಸಿಕೊಂಡರು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ, ಅಧ್ಯಕ್ಷರು ಕುರ್ಚಿಯಲ್ಲಿ ಕೂರುವ ಹೊತ್ತಿಗೆ 2020 ಮುಗಿಯುತ್ತಾ ಬಂದಿತ್ತು. ಅಧ್ಯಕ್ಷರ ಮೊದಲ ಅವಧಿ 2023ರಲ್ಲಿ ಮುಗಿದ ಮೇಲೆ ಎರಡನೆಯ ಅವಧಿಗೆ ಮತ್ತೆ ವರ್ಷದ ಮೇಲೆ ಕಾದರು. ಅಧ್ಯಕ್ಷರಿಲ್ಲದ ಈ ಎಲ್ಲ ಕಾಲದಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಸಹಿಯಲ್ಲೇ ಬಜೆಟ್, ಅವರದೇ ಸಹಿಯಲ್ಲಿ ಕ್ರಿಯಾ ಯೋಜನೆ. ಅವರಿಗೆ ತಾಲ್ಲೂಕಿನ, ಉಪವಿಭಾಗದ ನೂರು ಕೆಲಸ ಬೇರೆ ಇರುತ್ತವೆ. ನನ್ನ ಅಂಗಡಿಗೆ ಬಂದು, "ಅಕ್ಕಾರ, ನಾವು ಆರಿಸಿ ಬಂದೀವಿ, ಆದ್ರ ಸಭೆನ ಇಲ್ರಿ" ಎಂದು ಬೇಸರದಿಂದ ಕೂತ ಮೆಂಬರ್ರನ್ನು ನಾನು ನೋಡಿದ್ದೇನೆ. 1992ರ 74ನೇ ಸಂವಿಧಾನ ತಿದ್ದುಪಡಿ ಪಟ್ಟಣಗಳಿಗೆ ಸ್ವಂತ ಸರ್ಕಾರ ಎಂಬ ಮಾನ ಕೊಟ್ಟಿತು. ಮತ ಹಾಕಿದ ಎರಡು ವರ್ಷದ ಮೇಲೂ ಅಧ್ಯಕ್ಷರಿಲ್ಲದ ಸರ್ಕಾರದಿಂದ ಸರದಿ ತಪ್ಪದ ಯೋಜನೆ ಹೇಗೆ ಬಂದೀತು?

ಈಗ ಈ ಸೇವೆಯನ್ನು ಬಳಸುವವರಿಗೆ ನನಗೆ ತಿಳಿದದ್ದನ್ನು ಹೇಳುತ್ತೇನೆ. ರಸ್ತೆ ಶುರುವಾದ ಮೇಲೆ ಹೋಗಿ ಜಗಳ ಮಾಡಿ ಪ್ರಯೋಜನವಿಲ್ಲ. ಅಷ್ಟರಲ್ಲಿ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಲ್ಲ ಮುಗಿದಿರುತ್ತವೆ, ಎಂಜಿನಿಯರ್ ಮನಸ್ಸು ಮಾಡಿದರೂ ಒಂದು ಅಡಿ ಬದಲಿಸುವುದು ಕಷ್ಟ. ಮಾತಾಡಬೇಕಾದದ್ದು ಬಜೆಟ್‌ಗೆ ಮುಂಚೆ. ಚಳಿಗಾಲದ ತಿಂಗಳುಗಳಲ್ಲಿ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತಾರೆ. ಅದರ ನೋಟಿಸ್ ನನ್ನಲ್ಲೇ ಝೆರಾಕ್ಸ್ ಆಗುತ್ತದೆ, ಬೆರಳೆಣಿಕೆಯ ಪ್ರತಿ ಮಾತ್ರ. ಸಭೆಗೆ ಬರುವವರು ವ್ಯಾಪಾರಸ್ಥರ ಸಂಘದವರು, ನಿವೃತ್ತ ಮೇಷ್ಟ್ರುಗಳು, ಸಂಘಟನೆಗಳ ಮುಖಂಡರು, ಪತ್ರಕರ್ತರು. ಕಂದು ನೀರು ಚೆಲ್ಲುವ ಹೆಣ್ಣುಮಕ್ಕಳು ಒಬ್ಬರೂ ಇರುವುದಿಲ್ಲ, ಯಾಕೆಂದರೆ ಸಭೆ ಇಡುವುದು ಬೆಳಿಗ್ಗೆ ಹನ್ನೊಂದಕ್ಕೆ, ಅವರು ಕೂಲಿಗೆ ಹೋಗಿರುವ ಹೊತ್ತಿಗೆ. ಕಸದ ಗಾಡಿಯ ಮೈಕಿನಲ್ಲಿ ದಿನಾ ಬೆಳಿಗ್ಗೆ ಹಾಡು ಹಾಕುತ್ತಾರಲ್ಲ, ಅದೇ ಮೈಕಿನಲ್ಲಿ ಸಭೆಯ ದಿನಾಂಕ ಕೂಗಿಸಿ, ಸಂಜೆ ಆರಕ್ಕೆ ಸಭೆ ಇಡಿ ಎಂದು ಕೇಳಿದ್ದೇನೆ. ಮೈಕಿನ ಮಾತು ಒಪ್ಪಿದ್ದಾರೆ, ಸಮಯದ ಮಾತು ಇನ್ನೂ ಒಪ್ಪಿಲ್ಲ.

ಸಭೆಗೆ ಹೋದಾಗ "ನಮ್ಮ ಓಣಿಗೆ ರಸ್ತೆ ಕೊಡಿ" ಎಂದಷ್ಟೇ ಹೇಳಿ ಕೂರಬೇಡಿ. ಆ ಓಣಿಯಲ್ಲಿ ನೀರಿನ ಪೈಪು ಯಾವ ಕಾಲದ್ದು, ಹೊಸದು ಯಾವ ಯೋಜನೆಯಲ್ಲಿದೆ, ಚರಂಡಿಯ ನೀರು ಕೊನೆಗೆ ಎಲ್ಲಿಗೆ ಸೇರುತ್ತದೆ, ರಸ್ತೆಯ ಮಟ್ಟ ಹೊಸ್ತಿಲಿಗಿಂತ ಎಷ್ಟು ಕೆಳಗೆ ನಿಲ್ಲುತ್ತದೆ, ಇವನ್ನು ಕೇಳಿ ನಡಾವಳಿಯಲ್ಲಿ ಬರೆಸಿ. ಕಾಮಗಾರಿ ಶುರುವಾದರೆ ಅಂದಾಜು ಪಟ್ಟಿಯ ನಕಲು ಕೇಳಿ. ಕೊಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರಿಸಬೇಕು. ಅಂದಾಜು ಪಟ್ಟಿಯಲ್ಲಿ ಕಾಂಕ್ರೀಟಿನ ದಪ್ಪ ಎಷ್ಟು ಎಂದು ಬರೆದಿರುತ್ತದೆ, ಅಂಚಿನಲ್ಲಿ ಅಳತೆ ಟೇಪು ಹಿಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ನಮ್ಮ ಓಣಿಯ ಹೆಣ್ಣುಮಕ್ಕಳು ಹಾಗೆ ಟೇಪು ಹಿಡಿದು ನಿಂತ ದಿನ ಗುತ್ತಿಗೆದಾರರ ಮೇಸ್ತ್ರಿ ಕಾಂಕ್ರೀಟನ್ನು ಗಟ್ಟಿಯಾಗಿ ಕೂರಿಸುವ ವೈಬ್ರೇಟರ್ ಯಂತ್ರವನ್ನು ತಾನಾಗಿಯೇ ತರಿಸಿದ.

ಜೊತೆಗೆ ನೀರಿನ ಕರದ ಬಾಕಿ ಕಟ್ಟಿ. ಇದನ್ನು ಹೇಳಿದಾಗ ಅಂಗಡಿಯಲ್ಲೇ ನನ್ನ ಮೇಲೆ ಸಿಟ್ಟಾದವರಿದ್ದಾರೆ. ಆದರೂ ಹೇಳುತ್ತೇನೆ. ವಾಲ್ವ್‌ನವನ ಸಂಬಳಕ್ಕೆ ದಿಲ್ಲಿಯಿಂದ ಅನುದಾನ ಬರುವುದಿಲ್ಲ. ಬಾಕಿ ಕಟ್ಟಿದವರು ಆ ರಸೀದಿ ಹಿಡಿದು, ಈ ಹಣ ನೀರಿಗೇ ಖರ್ಚಾಯಿತೇ ಎಂದು ಕೇಳುವ ಬಲ ಪಡೆಯುತ್ತಾರೆ.

ಈ ಅಂಕಗಳನ್ನು ನಾನು ಬದಲಿಸಲು ಸಿದ್ಧ. ಮುಂದಿನ ಬಜೆಟ್ ಪುಸ್ತಕದಲ್ಲಿ ಹೊಸ ತೊಟ್ಟಿ, ಪೈಪ್‌ಲೈನ್‌ಗಳ ನಿರ್ವಹಣೆಗೆಂದೇ ಪ್ರತ್ಯೇಕ ತಲೆಬರಹ, ಇನ್ನೊಬ್ಬ ವಾಲ್ವ್ ನೌಕರನ ಸಂಬಳದ ಸಮೇತ ಕಂಡರೆ ಆ ಒಂದೂವರೆಯನ್ನು ಎರಡೂವರೆ ಮಾಡುತ್ತೇನೆ. 23 ವಾರ್ಡಿನ ಪೈಪು, ಚರಂಡಿ, ರಸ್ತೆ ಮೂರನ್ನೂ ಒಂದೇ ಹಾಳೆಯ ಮೇಲೆ ತೋರಿಸುವ ನಕ್ಷೆಯನ್ನು ಕಚೇರಿಯ ಗೋಡೆಗೆ ಹಚ್ಚಿದರೆ ಸರದಿಯ ಅಂಕ ಮೂರಕ್ಕೆ ಏರುತ್ತದೆ. ಆ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸುವ ಖರ್ಚು ನಾನೇ ಕೊಡುತ್ತೇನೆ ಎಂದು ಮುಖ್ಯಾಧಿಕಾರಿಗಳಿಗೆ ಬರೆದಿದ್ದೇನೆ. ಪೈಪುಗಳ ಗುರುತು ಹಾಕಿಕೊಡಲು ವಾಲ್ವ್‌ನವನು ಒಪ್ಪಿದ್ದಾನೆ, ಭಾನುವಾರ ಬಿಡುವು ಎಂದಿದ್ದಾನೆ.